ಒಂಬತ್ತೆಕರೆ ಒಂದು ಗುಂಟೆ

ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿದರೆ ಒಂದು ಮೈ ಬೆಳ್ಳಗಾಗುತ್ತದೆ, ಬೆರಳೂ ಸುಡುತ್ತದೆ. ಚೌಕಾಬಾರಾ ಆಡಲು ನಾಲ್ಕು ಬೀಜ ತಿಕ್ಕಿಕೊಂಡರೆ ಸಾಕು. ನನಗೆ ಬೇಕಾಗಿದ್ದದ್ದು ನೂರಾ ಎಂಬತ್ತು. ಇಪ್ಪತ್ತನೆಯದಕ್ಕೆ ಬಂದಾಗ ಅವ್ವ ಪಡಸಾಲೆಯಿಂದ ಇಣುಕಿ, "ಯಾಕೋ, ಬೆಂಗಳೂರಾಗ ಕೆಲಸಾ ಹೋತೇನು?" ಎಂದಳು.

ಹೋಗಿರಲಿಲ್ಲ. ಮನೆಯಿಂದಲೇ ಮಾಡು ಎಂದಿದ್ದರು, ನವಲಗುಂದ ತಾಲೂಕಿನ ನಮ್ಮೂರಿಗೆ ಬಂದು ಕೂತಿದ್ದೆ. 2022ರ ಆರಂಭ. ವರ್ಡಲ್ ಎಂಬ ಐದಕ್ಷರದ ಆಟಕ್ಕೆ ಜಗತ್ತು ಹುಚ್ಚಾಗಿತ್ತು: ದಿನಕ್ಕೊಂದೇ ಪದ, ಆರೇ ಅವಕಾಶ. ಮಾಡಿದವನು ಅದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಮಾರಿದ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ತೀರ್ಮಾನವಾಗಿತ್ತು. ನಾನೂ ದಿನಕ್ಕೊಂದು ಒಗಟು ಕಟ್ಟುವವನು, ಅದೂ ಗೋ ಆಟದ ಮೊದಲ ನಡೆಗಳ ಮೇಲೆ. ಧಾರವಾಡ ಜಿಲ್ಲೆಯಲ್ಲಿ ಗೋ ಆಡುವ ಎಷ್ಟು ಜನರನ್ನು ಬಲ್ಲೆ ಎಂದು ಲೆಕ್ಕ ಹಾಕಿದೆ. ನನ್ನನ್ನೂ ಸೇರಿಸಿ ಒಬ್ಬ.

ಚೀನಾದಲ್ಲಿ ಹುಟ್ಟಿ ಜಪಾನು, ಕೊರಿಯಾಗಳಲ್ಲಿ ಬೆಳೆದ ಆಟ ಅದು. ಅಡ್ಡ 19 ಗೆರೆ, ಉದ್ದ 19 ಗೆರೆ. ಒಬ್ಬನವು ಕರಿ ಕಲ್ಲು, ಇನ್ನೊಬ್ಬನವು ಬಿಳಿ. ಗೆರೆ ಕೂಡುವಲ್ಲಿ ಸರದಿಯ ಮೇಲೆ ಇಡುತ್ತ ಹೋಗಬೇಕು, ಹೆಚ್ಚು ಜಾಗ ಸುತ್ತುವರಿದವನು ಗೆದ್ದ. ನನ್ನ ಒಗಟಿನಲ್ಲಿ ಹೆಸರಾದ ಪಂದ್ಯವೊಂದರ ನಾಲ್ಕು ನಡೆ ಕಾಣುತ್ತವೆ, ಐದನೆಯದನ್ನು ಊಹಿಸಬೇಕು. ತಪ್ಪಿದರೆ ಎಷ್ಟು ಗೆರೆ ದೂರ ಎಂದು ಹೇಳುತ್ತದೆ. ಕೇಳಲು ಸಲೀಸು. ಆದರೆ ಹಲಗೆಯನ್ನು ನಾಲ್ಕು ಕಡೆ ತಿರುಗಿಸಬಹುದು, ಕನ್ನಡಿಯಲ್ಲಿಟ್ಟು ಮತ್ತೆ ನಾಲ್ಕು. ಈ ಎಂಟೂ ಒಂದೇ ಆಟ ಎಂದು ಕಂಪ್ಯೂಟರಿಗೆ ಮನವರಿಕೆ ಮಾಡುವಷ್ಟರಲ್ಲಿ ಎರಡು ವಾರ ಹೋದವು. ಇನ್ನೊಂದು ತೊಡಕು ಇವತ್ತಿಗೂ ಬಗೆಹರಿದಿಲ್ಲ. ಆಟದ ಆರಂಭದಲ್ಲಿ ಒಳ್ಳೆಯ ನಡೆ ಎಂಟೋ ಹತ್ತೋ ಇರುತ್ತವೆ. ಸರಿ ಉತ್ತರ ಎಂದರೆ ಆ ಪುಣ್ಯಾತ್ಮ ಅವತ್ತು ಎಲ್ಲಿ ಇಟ್ಟನೋ ಅದು.

ಗೆಳೆಯರ ಗುಂಪಿಗೆ ಕಳಿಸಿದೆ. ಒಂಬತ್ತು ಜನ ಹೆಬ್ಬೆರಳು ಎತ್ತಿದರು. ಒಬ್ಬ "ಲೂಡೋ ಹಂಗ ಏನಲೇ?" ಎಂದ. ಇವನೇ ದಿನಾ ಮುಂಜಾನೆ ಆರಕ್ಕೆ ತನ್ನ ವರ್ಡಲ್ಲಿನ ಹಸಿರು ಚೌಕಗಳನ್ನು ಕಳಿಸಿ ಊರನ್ನೆಲ್ಲ ಎಬ್ಬಿಸುವವನು. ಅವ್ವನ ಆಕ್ಷೇಪಕ್ಕೆ ಹೆಚ್ಚು ತೂಕವಿತ್ತು. "ನವಲಗುಂದದ ಜಮಖಾನದಾಗ ಪಗಡಿ ಹಾಸನ್ನs ನೇಯ್ತಾರ. ಕಟ್ಟಿ ಮ್ಯಾಲ ಹುಲಿ-ಕುರಿ ಕೊರದಾರ. ಅವನ್ನ ಬಿಟ್ಟು ಜಪಾನಕ್ಕ ಯಾಕ ಹೋಗಿದ್ದಿ?" 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಜಮಖಾನದ ಮೇಲೆಯೇ ಕೂತು ನಾನು ಈ ಮಾತು ಕೇಳುತ್ತಿದ್ದೆ. ಉತ್ತರವಿರಲಿಲ್ಲ.

ಫೋನಿನಲ್ಲಿ ಆಡದವರು ಕಟ್ಟೆಯ ಮೇಲಾದರೂ ಆಡಿಯಾರು ಎಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದೆ, ಬೀಜ ತಿಕ್ಕಿದೆ. ಆರಂಭದ ನಡೆಗಳಷ್ಟೇ ಅಲ್ಲವೇ ಎಂದು ನಲವತ್ತಕ್ಕೇ ನಿಲ್ಲಿಸಿದೆ.

ಕಟ್ಟೆಯ ಮೇಲೆ ಹಾಸಿದಾಗ ಬಂದವರು ಕಾಕಾ ಒಬ್ಬರೇ. ನಿಂತೇ ನೋಡಿದರು.

"ಇದರಾಗ ಏನ ಮಾಡಬೇಕು?"

"ಜಾಗಾ ಹಿಡೀಬೇಕು ಕಾಕಾ."

"ಇಟ್ಟ ಕಲ್ಲು ಸರಸಬಹುದೇನು?"

"ಇಲ್ಲ. ಇಟ್ಟಲ್ಲೇ ಇರತೈತಿ."

"ಅಂದ್ರ ಜಪಾನದಾಗ ಎರಿ ಭೂಮಿ ಇಲ್ಲ." ರುಮಾಲು ತೆಗೆದು ಪಕ್ಕಕ್ಕಿಟ್ಟು ಕೂತರು. "ನಮ್ಮಲ್ಲೆ ಬ್ಯಾಸಗಿಗೆ ಬಿರಕೊಂತಾವ, ಮಳಿಗೆ ಉಬ್ಬತಾವ, ಬಾಂದಗಲ್ಲು ತಾವs ನಡದು ಹೋಗತಾವ. ಎಷ್ಟು ಮನಿ ಇವು?"

"361."

"ಒಂಬತ್ತೆಕರೆ ಒಂದು ಗುಂಟೆ," ಎಂದರು, ಉಸಿರು ಬಿಡುವಷ್ಟು ಹೊತ್ತಿನಲ್ಲಿ. ಕಾಕಾನ ಹೊಲವೂ ಅಷ್ಟೇ ಇದ್ದಿದ್ದರೆ ಈ ಬರಹ ಇನ್ನೂ ಚೆನ್ನಾಗಿರುತ್ತಿತ್ತು. ಏನು ಮಾಡುವುದು, ಆರೆಕರೆ ಚಿಲ್ಲರೆ.

"ಮೂಡಲ ಯಾವ ಕಡೆ?"

ಈ ಆಟಕ್ಕೆ ಮೂಡಲ ಪಡುವಲ ಇಲ್ಲ, ಎಂಟು ದಿಕ್ಕಿಗೆ ತಿರುಗಿಸಿದರೂ ಒಂದೇ ಎಂದು ವಿವರಿಸತೊಡಗಿದೆ. "ಚಕ್ಕಬಂದಿ ಇಲ್ಲದ ಹೊಲಾ ಯಾರು ಖರೀದಿ ಹಿಡೀತಾರ?" ಎನ್ನುತ್ತ ಕಾಕಾ ಕ್ಯಾಲೆಂಡರನ್ನು ಸೂರ್ಯನ ಕಡೆ ತಿರುಗಿಸಿಟ್ಟರು. ನನ್ನ ಎರಡು ವಾರದ ದುಡಿಮೆ ಅಲ್ಲಿಗೆ ಮುಗಿಯಿತು.

ಅವತ್ತಿನ ಒಗಟು 1933ರ ಅಕ್ಟೋಬರಿನದು. ಹತ್ತೊಂಬತ್ತರ ಹುಡುಗ ವು ಚಿಂಗ್‌ಯುವಾನ್ ಕರಿ ಕಲ್ಲು ಹಿಡಿದು ಹೊನಿನ್‌ಬೋ ಶೂಸಾಯ್ ಎಂಬ ಹಿರಿಯನೆದುರು ಕೂತಿದ್ದ. ಹೊನಿನ್‌ಬೋ ಮನೆತನದವರು ನಿಷಿದ್ಧ ಎನ್ನುವ ಮೂರು-ಮೂರರ ಕೂಡಿನಲ್ಲಿ ಮೊದಲ ಕಲ್ಲು, ಓರೆಗೆ ಎದುರಿನ ಮೂಲೆಯಲ್ಲಿ ಇನ್ನೊಂದು. ಉಳಿದ ಎರಡು ಮೂಲೆ ಹಿರಿಯನಿಗೆ. ಐದನೆಯದು ಎಲ್ಲಿ?

ಕಾಕಾ ಎಲೆಗೆ ಸುಣ್ಣ ಹಚ್ಚಿದರು. ಅಡಿಕೆ ಕತ್ತರಿಸಿದರು. ಎಲೆ ಮಡಚಿ ದವಡೆಗಿಟ್ಟರು. ಎದ್ದು ಹೋಗಿ ಪಡುವಲ ಕಡೆಯಿಂದ ನೋಡಿದರು, ತೆಂಕಲಿಗೆ ಬಂದು ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಒಂದು ಟ್ರ್ಯಾಕ್ಟರ್ ಹಾದು ಹೋಯಿತು. ಎದ್ದ ಧೂಳು ಕೂತಿತು. ನಾನು ಸುಳಿವು ಕೊಡಲು ಬಾಯಿ ತೆರೆದೆ, ಕೈ ಎತ್ತಿ ತಡೆದರು. ಆಮೇಲೆ ಒಂದು ಬೀಜ ತೆಗೆದು, ಪಂಜೆಗೆ ಒರೆಸಿ, ಹಲಗೆಯ ನಟ್ಟನಡುವೆ ಒತ್ತಿ ಇಟ್ಟರು.

ಸರಿ ಉತ್ತರ. ಜಪಾನನ್ನು ಬೆಚ್ಚಿಬೀಳಿಸಿದ ನಡೆ. ನಾನು ಮೊದಲ ಸಲ ಊಹಿಸಿದಾಗ ಏಳು ಗೆರೆ ದೂರದಲ್ಲಿದ್ದೆ.

"ಹೆಂಗ ಗೊತ್ತಾತು ಕಾಕಾ?"

"ಓರಿಗೆ ಎರಡು ಮೂಲಿ ನಂದು, ಎರಡು ಅವಂದು. ನಡೂ ಒಂದು ಕಲ್ಲು ನೆಟ್ಟರ ನನ್ನ ಎರಡೂ ಕೂಡತಾವ, ಅವನವು ಕೂಡೂದಿಲ್ಲ. ಇಪ್ಪತ್ತೆರಡು ವರ್ಷ ಕೋರ್ಟಿಗೆ ಅಡ್ಡಾಡೀನಿ, ಇಷ್ಟು ತಿಳೀಲಿಲ್ಲಂದ್ರ ಹೆಂಗ?"

ಆ ಪಂದ್ಯ ಹನ್ನೆರಡಕ್ಕಿಂತ ಹೆಚ್ಚು ಸಲ ಅರ್ಧಕ್ಕೆ ನಿಂತಿತ್ತು, ನಿಲ್ಲಿಸುವ ಹಕ್ಕು ಹಿರಿಯನದೇ ಆಗಿತ್ತು, 1934ರ ಜನವರಿಗೆ ಮುಗಿಯಿತು ಎಂದೆ. ಕಾಕಾಗೆ ಎಲ್ಲಿಲ್ಲದ ಖುಷಿ. "ಅಲ್ಲೂ ವಾಯಿದೆ!" ಎಂದು ತೊಡೆ ತಟ್ಟಿಕೊಂಡರು. "ಯಾರು ಗೆದ್ದರು?"

"ಹಿರ್ಯಾ. ಎರಡು ಮನಿಯಿಂದ."

"ಹುಡುಗಾ?"

"ಮುಂದ ಅವನ್ನ ಮೀರಸೂ ಆಟಗಾರ ಸಿಗಲಿಲ್ಲ. 2014ರಾಗ ತೀರಿಕೊಂಡ, ನೂರು ವರ್ಷ ಬಾಳಿದ."

ಕಾಕಾ ಸುಮ್ಮನಾದರು. ಅವರ ವ್ಯಾಜ್ಯ ಬೆನ್ನಿಗೆ ಬಿದ್ದ ತಮ್ಮನ ಮೇಲೆ. ಅಣ್ಣ ತಮ್ಮ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ, ಬೆನ್ನು ತಿರುಗಿಸಿ. ಚಹಾದವನು ದುಡ್ಡನ್ನು ಬೇರೆ ಬೇರೆ ಬರೆದುಕೊಳ್ಳುತ್ತಾನೆ. ಮಾತು ಬದಲಿಸೋಣವೆಂದು, ಈಗಿನ ಜಪಾನಿ ಆಟದಲ್ಲಿ ಎರಡನೆಯವನಿಗೆ ಆರೂವರೆ ಮನೆ ಬಿಟ್ಟುಕೊಡುತ್ತಾರೆ ಎಂದೆ.

"ಅರ್ಧಾ ಯಾಕ?"

"ಸಮ ಆಗಬಾರದಂತ."

"ಸಮ ಆಗಬಾರದಂತ ಕಾಯ್ದೆ ಮಾಡ್ಯಾರ?" ಎಂದು ಕಾಕಾ ರುಮಾಲು ಸುತ್ತಿಕೊಂಡು ಎದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ನಾಳೆ ಎಷ್ಟಕ್ಕ ಹಾಸ್ತಿ?" ಎಂದು ಕೇಳಿದರು.

ಅವತ್ತಿನಿಂದ ಏಳಕ್ಕೆ ಹಾಸುತ್ತೇನೆ. ಕಾಕಾನ ವಾಯಿದೆ ಇದ್ದ ದಿನ ಒಗಟಿಗೂ ರಜೆ. ಅರವತ್ತೆರಡು ಒಗಟು ತಯಾರಿವೆ, ಬಿಡಿಸುವವರು ಒಬ್ಬರೇ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಆಟ ಬರಬೇಕೆಂದೇನಿಲ್ಲ, ಬದುವಿನ ತಕರಾರು ಒಂದಿದ್ದರೆ ಸಾಕು.