ಮಿಸ್ಸಿಂಗ್ ಪುರಾಣ

ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಗ್ಯಾರೇಜಿಗೆ ಬರುವ ಮಾಲೀಕರು ಕಾಯಿಲೆಯ ಜೊತೆಗೆ ಕಾರಣವನ್ನೂ ತಂದಿರುತ್ತಾರೆ: ‘ಪೆಟ್ರೋಲ್ ಕಲಬೆರಕೆ ಕಣ್ರೀ!’ ಮೆಕ್ಯಾನಿಕ್ ತಲೆಯಾಡಿಸಿ ಬಾನೆಟ್ ಎತ್ತುತ್ತಾನೆ. ಮಿಸ್ಸಿಂಗ್ ಎಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು.

1983ರಲ್ಲಿ ಬಂದ ಮಾರುತಿ 800ಕ್ಕೆ ಇದ್ದದ್ದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ ಸಾಕು, ಗಾಡಿ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಆಗ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಕಳ್ಳ. ನಡುವೆ ಶಾಕ್ ಹೊಡೆಸಿಕೊಂಡು ‘ಅಯ್ಯಯ್ಯೋ’ ಎನ್ನುವುದೂ ತಪಾಸಣೆಯ ಭಾಗವೇ.

ಈಗ ಸ್ಕ್ಯಾನರ್ ಸಿಕ್ಕಿಸಿದರೆ ‘ಪಿ0302’ ಎನ್ನುತ್ತದೆ. ಎರಡನೇ ಸಿಲಿಂಡರ್ ಎಂದರ್ಥ. ಯಾರು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಸಿಲಿಂಡರಿಗೊಂದು ಇಗ್ನಿಷನ್ ಕಾಯಿಲ್ ಇರುವ ಗಾಡಿಯಾದರೆ ಎರಡರದ್ದನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ನೋಡಬೇಕು. ಕೋಡ್ ‘ಪಿ0303’ ಆಯಿತೇ? ಕಾಯಿಲ್ಲೇ ಹೋಗಿದೆ. ಜಾಗ ಬಿಟ್ಟು ಕದಲದಿದ್ದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಕಾಸಿನ ಖರ್ಚಿಲ್ಲದ ಪರೀಕ್ಷೆ. ಬಹುಶಃ ಅದಕ್ಕೇ ಕೆಲವರು ನಾಲ್ಕೂ ಕಾಯಿಲ್ ಬದಲಿಸಿ ಬಿಲ್ ಹರಿಯುತ್ತಾರೆ.

ಚೆಕ್ ಎಂಜಿನ್ ದೀಪ ಮಿಣುಕಲು ತೊಡಗಿದರೆ ಮಾತ್ರ ಗಾಡಿ ಓಡಿಸಬಾರದು. ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು, ಅದನ್ನೇ ಸುಟ್ಟುಬಿಡುತ್ತದೆ. ದೀಪದ ಮೇಲೆ ಗಣಪತಿ ಸ್ಟಿಕ್ಕರ್ ಅಂಟಿಸಿ ನೆಮ್ಮದಿಯಾಗಿದ್ದವರು ಕನ್ವರ್ಟರಿನ ರೇಟು ಕೇಳಿದಾಗ ಕೂಗುವುದೂ ಗಣಪತಿಯನ್ನೇ.