ದೆವ್ವಕ್ಕೂ ಒಂದು ಸ್ಮೈಲ್ ಪ್ಲೀಸ್

ಒಂದು ನಿಜ ಹೇಳಿ ಮಾರಾಯ್ರೆ. ರಾತ್ರಿ ಹನ್ನೊಂದರ ಹೊತ್ತಿಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಬಂದು ಬೀಳ್ತದೆ. ಘಾಟಿ ರಸ್ತೆ, ಕಗ್ಗತ್ತಲೆ, ಮೂಲೆಯಲ್ಲಿ ಬೆಳ್ಳಗೆ ಎಂಥದೋ ಒಂದು, ಅದರ ಸುತ್ತ ಕೆಂಪು ವೃತ್ತ. ನೀವು ಏನು ಮಾಡ್ತೀರಿ? "ಥತ್, ಎಲ್ಲ ಬೋಗಸ್" ಅಂತ ಪಕ್ಕದವರಿಗೆ ಕೇಳುವ ಹಾಗೆ ಹೇಳ್ತೀರಿ. ಆಮೇಲೆ ಮೆಲ್ಲಗೆ ಎರಡು ಬೆರಳಿಟ್ಟು ಝೂಮ್ ಮಾಡ್ತೀರಿ. (ಆ ರಾತ್ರಿ ಬಾತ್‌ರೂಮಿನ ಲೈಟು ಆರಿಸದೆ ಮಲಗಿದ ವಿಷಯ ನಮ್ಮ ನಿಮ್ಮೊಳಗೇ ಇರಲಿ.)

ಅದೇ ಫೋಟೋ ಹೋದ ವರ್ಷ ಚಾರ್ಮಾಡಿಯದ್ದು ಅಂತ ಬಂದಿತ್ತು, ಈ ವರ್ಷ ಆಗುಂಬೆಯದ್ದು. ದೆವ್ವಕ್ಕೂ ಸರ್ಕಾರಿ ನೌಕರರ ಹಾಗೆ ಟ್ರಾನ್ಸ್‌ಫರ್ ಇರ್ತದೋ ಏನೋ! ಇನ್ನೊಂದು ಗಮನಿಸಿದ್ದೀರಾ? ದೆವ್ವದ ಪಾದ ಹಿಂದುಮುಂದು ಅಂತ ನಿಮ್ಮ ಅಜ್ಜಿ ಅಷ್ಟು ಖಚಿತವಾಗಿ ಹೇಳಿದ್ದರಲ್ಲ, ಒಂದು ಫೋಟೋದಲ್ಲಾದರೂ ಆ ಪಾದ ಕಂಡಿದ್ದುಂಟಾ? ಸೊಂಟದ ಕೆಳಗೆ ಬರೀ ಹೊಗೆ. ಯಾಕಂದ್ರೆ ಹೊಗೆ ಮಾಡುವುದು ಸುಲಭ, ಪಾದ ತಿರುಗಿಸುವುದು ಕಷ್ಟ.

ಈ ದಂಧೆ ವಾಟ್ಸ್ಯಾಪಿನಿಂದ ಶುರುವಾಯ್ತು ಅಂದುಕೊಂಡಿರಾ? ಇಲ್ಲ ಮಾರಾಯ್ರೆ, ಹತ್ತಿರ ಹತ್ತಿರ ಕ್ಯಾಮೆರಾದಷ್ಟೇ ಹಳೇದು. 1860ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಮ್ಲರ್ ಅಂತ ಒಬ್ಬ ಇದ್ದ. ಕಸುಬು ಒಡವೆಗಳ ಮೇಲೆ ಕೆತ್ತನೆ, ಹವ್ಯಾಸ ಫೋಟೋ. ಒಂದು ದಿನ ತನ್ನದೇ ಫೋಟೋ ತೊಳೆದು ನೋಡಿದರೆ ಪಕ್ಕದಲ್ಲಿ ಮಬ್ಬು ಮಬ್ಬಾಗಿ ಒಬ್ಬಳು ಹುಡುಗಿ! ತೀರಿಹೋದ ಕಸಿನ್ ಅಂತ ಗುರುತಿಸಿದ. ಅಷ್ಟೇ, ಕೆತ್ತನೆ ಬಿಟ್ಟು ಆತ್ಮಗಳ ಸ್ಟುಡಿಯೋ ತೆರೆದ.

ಆಗ ಫಿಲ್ಮ್ ಇರಲಿಲ್ಲ, ಗಾಜಿನ ಪ್ಲೇಟು. ಒಮ್ಮೆ ಬಳಸಿದ ಗಾಜನ್ನೇ ತೊಳೆದು ಮತ್ತೆ ಬಳಸುತ್ತಿದ್ದರು. ಸರಿಯಾಗಿ ತೊಳೆಯದಿದ್ದರೆ ಹಳೇ ಗಿರಾಕಿಯ ಮುಖ ಹೊಸ ಗಿರಾಕಿಯ ಹೆಗಲ ಹಿಂದೆ ತೆಳ್ಳಗೆ ಮೂಡಬಹುದು. ಬೇಕಂತಲೇ ಮಾಡುವುದಾದರೆ ಇನ್ನೂ ಸುಲಭ: ಮೊದಲೇ ಒಂದು ಮುಖವನ್ನು ಪ್ಲೇಟಿನ ಮೇಲೆ ಸ್ವಲ್ಪವೇ ಬೆಳಕಿನಲ್ಲಿ ಹಿಡಿದಿಡಿ, ಆಮೇಲೆ ಅದೇ ಪ್ಲೇಟಿನಲ್ಲಿ ಗಿರಾಕಿಯ ಫೋಟೋ ತೆಗೆಯಿರಿ. ಗಿರಾಕಿ ಗಟ್ಟಿ, ಬೆನ್ನ ಹಿಂದಿನವರು ಪಾರದರ್ಶಕ. ಡಬಲ್ ಎಕ್ಸ್‌ಪೋಷರ್ ಅಂತಾರಲ್ಲ, ಅದೇ.

ಅಂತರ್ಯುದ್ಧದ ಕಾಲ ಬೇರೆ. ಸಾವಿರಾರು ಮನೆಗಳಲ್ಲಿ ಮಗನೋ ಗಂಡನೋ ಯುದ್ಧಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಮಮ್ಲರನ ಸ್ಟುಡಿಯೋಗೆ ಜನವೋ ಜನ. ಎಡವಟ್ಟಾದದ್ದು ಎಲ್ಲಿ ಗೊತ್ತುಂಟಾ? ಫೋಟೋದಲ್ಲಿ ಆತ್ಮವಾಗಿ ನಿಂತವರು ಅದೇ ಬಾಸ್ಟನ್ನಿನಲ್ಲಿ ಗುಂಡುಕಲ್ಲಿನ ಹಾಗೆ ಬದುಕಿದ್ದು ಪತ್ತೆಯಾಯ್ತು. (ಬದುಕಿದ್ದಾಗಲೇ ದೆವ್ವವಾದವರು ಆಫೀಸಿನಲ್ಲಿ ಸಿಗ್ತಾರೆ, ಆದರೆ ಅದು ಬೇರೆ ವಿಷಯ.)

ಮಮ್ಲರ್ ನ್ಯೂಯಾರ್ಕಿಗೆ ಗಂಟುಮೂಟೆ ಕಟ್ಟಿದ. 1869ರಲ್ಲಿ ಅಲ್ಲಿ ವಂಚನೆಯ ಕೇಸು ಬಿತ್ತು. ಅವನ ವಿರುದ್ಧ ಸಾಕ್ಷಿ ಹೇಳಲು ಬಂದವನು ಯಾರು? ಪಿ. ಟಿ. ಬಾರ್ನಮ್! ಕೋತಿಯ ಮುಂಡಕ್ಕೆ ಮೀನಿನ ಬಾಲ ಹೊಲಿದದ್ದನ್ನು ಮತ್ಸ್ಯಕನ್ಯೆ ಅಂತ ತೋರಿಸಿ ದುಡ್ಡು ಮಾಡಿದ ಪುಣ್ಯಾತ್ಮ, ಮೋಸ ಮಹಾಪಾಪ ಅಂತ ಕೋರ್ಟಿನಲ್ಲಿ ನಿಂತ. ತನ್ನ ಹಿಂದೆ ಲಿಂಕನ್ನನ ಆತ್ಮ ನಿಂತಿರುವ ಒಂದು ಫೋಟೋವನ್ನು ಬೇರೆ ಫೋಟೋಗ್ರಾಫರ್ ಕೈಲಿ ಮಾಡಿಸಿ ಸಾಕ್ಷಿಗೆ ತಂದಿದ್ದ. ಆದರೂ ಮಮ್ಲರ್ ಮೋಸ ಮಾಡಿದ್ದು ಹೀಗೇ ಅಂತ ಸಾಬೀತಾಗಲಿಲ್ಲ, ಬಿಡುಗಡೆಯಾಯ್ತು.

ಕೇಸಾಯ್ತು, ಪೇಪರಿನಲ್ಲಿ ಮಾನ ಹರಾಜಾಯ್ತು, ಇನ್ನು ಯಾರು ಹೋಗ್ತಾರೆ ಅಂತೀರಾ? 1872ರ ಸುಮಾರಿಗೆ ಲಿಂಕನ್ನನ ಹೆಂಡತಿ ಮೇರಿಯೇ ಹೋದಳು. ಆ ಫೋಟೋ ಈಗಲೂ ಇದೆ. ಕಪ್ಪು ಬಟ್ಟೆಯ ಮೇರಿ ಕೂತಿದ್ದಾಳೆ, ಹಿಂದೆ ಗಡ್ಡದ ಮಬ್ಬು ಆಕೃತಿ, ಅವಳ ಹೆಗಲ ಮೇಲೆ ಬೆಳ್ಳಗೆ ಕೈಗಳು. ಗಂಡ ಕಣ್ಣೆದುರೇ ಗುಂಡೇಟು ತಿಂದದ್ದನ್ನು ನೋಡಿದವಳು, ಮೂರು ಮಕ್ಕಳನ್ನು ಮಣ್ಣು ಮಾಡಿದವಳು. ಆಕೆಯನ್ನು ನೋಡಿ ನಗಲು ನನಗಂತೂ ಬಾಯಿ ಬರುವುದಿಲ್ಲ. ನಿಮಗೆ?

ಆದರೆ ಅಸಲಿ ಗಮ್ಮತ್ತು ಪ್ಯಾರಿಸಿನದ್ದು. ಅಲ್ಲಿ ಬುಗೆ ಅಂತ ಒಬ್ಬ ಫೋಟೋಗ್ರಾಫರ್ 1875ರಲ್ಲಿ ಸಿಕ್ಕಿಬಿದ್ದ. ಸ್ಟುಡಿಯೋ ಜಾಲಾಡಿದರೆ ಬಟ್ಟೆ ಸುತ್ತಿದ ಬೊಂಬೆ, ಅದಕ್ಕೆ ಸಿಕ್ಕಿಸಲು ಡಬ್ಬದ ತುಂಬ ಬಗೆಬಗೆಯ ತಲೆಗಳು! ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಬೊಂಬೆಯನ್ನೂ ತಲೆಗಳನ್ನೂ ಎಲ್ಲರೆದುರು ಇಟ್ಟರು. ಕಥೆ ಮುಗೀತಲ್ವಾ?

ಮುಗಿಯಲಿಲ್ಲ! ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಫೋಟೋದಲ್ಲಿರುವುದು ನಮ್ಮವರೇ, ನಮಗೆ ಗುರುತು ಸಿಗುವುದಿಲ್ಲವಾ ಅಂತ ವಾದಕ್ಕೆ ನಿಂತರು. ಮೋಸ ಮಾಡಿದವನೇ "ಮೋಸ ಮಾಡಿದೆ ಸ್ವಾಮಿ" ಅಂತಾನೆ, ಮೋಸಹೋದವರು "ಛೆ ಛೆ, ನೀನೆಲ್ಲಿ ಮಾಡಿದೆ" ಅಂತಾರೆ! ಬುಗೆಗೆ ಒಂದು ವರ್ಷ ಜೈಲು, 500 ಫ್ರಾಂಕ್ ದಂಡ. ಗಿರಾಕಿಗಳ ನಂಬಿಕೆಗೆ ಮಾತ್ರ ಒಂದು ಗೀರೂ ಬೀಳಲಿಲ್ಲ.

ದಡ್ಡರಪ್ಪಾ ಅಂತ ನಗಬೇಡಿ. ಷರ್ಲಾಕ್ ಹೋಮ್ಸನನ್ನು ಹುಟ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ದಡ್ಡರಾ? ಇಂಗ್ಲೆಂಡಿನ ಕ್ರೂ ಊರಿನಲ್ಲಿ ವಿಲಿಯಂ ಹೋಪ್ ಅನ್ನುವ ಬಡಗಿ ಆತ್ಮಗಳ ಫೋಟೋ ತೆಗೆಯುತ್ತಿದ್ದ. 1922ರಲ್ಲಿ ಹ್ಯಾರಿ ಪ್ರೈಸ್ ಎನ್ನುವವನು ಗುಟ್ಟಾಗಿ ಎಕ್ಸ್-ರೇ ಗುರುತು ಹಾಕಿಸಿದ ಪ್ಲೇಟುಗಳನ್ನು ಹೋಪನ ಕೈಗಿಟ್ಟ. ತೊಳೆದು ಬಂದ ಪ್ಲೇಟಿನಲ್ಲಿ ಆತ್ಮ ಇತ್ತು, ಗುರುತು ಇರಲಿಲ್ಲ. ಅಂದ್ರೆ ಪ್ಲೇಟೇ ಬದಲಾಗಿತ್ತು! ಡಾಯ್ಲ್ ಏನು ಮಾಡಿದರು? ಹೋಪನ ಪರವಾಗಿ ಪುಸ್ತಕ ಬರೆದರು. ಹೋಮ್ಸನ ಕೈಲಿ ಕೊಟ್ಟಿದ್ದರೆ ಒಂದು ಪೈಪ್ ಸೇದುವುದರೊಳಗೆ ಕೇಸು ಮುಗಿಸುತ್ತಿದ್ದ. ಆದರೆ 1918ರಲ್ಲಿ ಬೆಳೆದ ಮಗನನ್ನು ಕಳಕೊಂಡದ್ದು ಹೋಮ್ಸ್ ಅಲ್ಲ, ಡಾಯ್ಲ್.

ಸರಿ, ನಿಮ್ಮ ಕೈಯೂ ತುರಿಸ್ತಾ ಉಂಟು ಅಂತ ಗೊತ್ತು. ಮೊಬೈಲನ್ನು ಸ್ಟ್ಯಾಂಡಿಗೆ ಕೂರಿಸಿ, ಪ್ರೋ ಮೋಡ್ ಹಾಕಿ, ಶಟರ್ ಹತ್ತು ಸೆಕೆಂಡಿಗೆ ಇಡಿ. ಮಂದ ಬೆಳಕಿನ ಜಗಲಿಯಲ್ಲಿ ತಂಗಿಯನ್ನು ಬಿಳಿ ಸೀರೆ ಉಡಿಸಿ ನಿಲ್ಲಿಸಿ. ಐದು ಎಣಿಸುವವರೆಗೆ ಅಲ್ಲಾಡಬಾರದು, ಆಮೇಲೆ ಸರಕ್ಕನೆ ಫ್ರೇಮಿನಿಂದಾಚೆ ಓಡಬೇಕು. ತಂಗಿಯ ಮೈಯೊಳಗಿಂದ ಹಿಂದಿನ ಕಿಟಕಿ ಕಾಣ್ತದೆ ನೋಡಿ! ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1856ರಲ್ಲೇ ಈ ಉಪಾಯ ಬರೆದಿಟ್ಟಿದ್ದರು, ಮನರಂಜನೆಗೆ ಅಂತ. (ನಿಮ್ಮ ತಂಗಿ ಇದಕ್ಕೆ ಏನು ಲಂಚ ಕೇಳ್ತಾಳೆ ಅಂತ ಅವರು ಬರೆದಿಲ್ಲ.)

ಎಷ್ಟೋ ಸಲ ಮೋಸವೂ ಬೇಡ, ಕ್ಯಾಮೆರಾವೇ ಎಡವಟ್ಟು ಮಾಡ್ತದೆ. ಗೃಹಪ್ರವೇಶದ ಫೋಟೋದಲ್ಲಿ ತೇಲುವ ಬಿಳಿ ಉಂಡೆಗಳನ್ನು ನೋಡಿ "ಹಿರಿಯರು ಬಂದು ಹರಸಿದ್ರು" ಅಂದಿದ್ದಿರಲ್ಲ? ಅದು ಧೂಳು. ಸಣ್ಣ ಕ್ಯಾಮೆರಾದಲ್ಲಿ ಫ್ಲ್ಯಾಶು ಲೆನ್ಸಿಗೆ ಅಂಟಿಕೊಂಡೇ ಇರ್ತದೆ. ಲೆನ್ಸಿನ ಮೂಗಿನ ಮುಂದೆ ಹಾರುವ ಧೂಳಿನ ಕಣಕ್ಕೆ ಆ ಬೆಳಕು ಬಡಿದು ವಾಪಸ್ ಬರ್ತದೆ, ಫೋಕಸ್ ಇಲ್ಲದ್ದಕ್ಕೆ ಉಂಡೆಯಾಗಿ ಹಿಗ್ಗಿ ಕಾಣ್ತದೆ. ಮಳೆ ಹನಿ, ಹುಳ, ಹೋಮದ ಬೂದಿ, ಎಲ್ಲಕ್ಕೂ ಅದೇ ವೇಷ. ಪನೋರಮಾ ತೆಗೆಯುವಾಗ ಮಗು ಓಡಿದರೆ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ಇನ್ನು ಎಐ ಬಂದ ಮೇಲಂತೂ ತಂಗಿಯೂ ಬೇಡ, ಸೀರೆಯೂ ಬೇಡ.

ಈಗ ಕಿವಿ ಸ್ವಲ್ಪ ಹತ್ತಿರ ತನ್ನಿ. ಈ ವ್ಯಾಪಾರದಲ್ಲಿ ಅರ್ಧ ಕೆಲಸ ಮಾತ್ರ ಫೋಟೋಗ್ರಾಫರನದ್ದು. ಅವನು ಕೊಡುವುದು ಒಂದು ಬಿಳಿ ಮಬ್ಬು. ಅದಕ್ಕೆ ಕಣ್ಣು, ಮೂಗು, ಅಜ್ಜಿಯ ಬುಗುಡಿ ಎಲ್ಲ ಇಡುವುದು ನೀವು. ಎರಡು ಚುಕ್ಕಿ, ಕೆಳಗೊಂದು ಗೆರೆ ಕಂಡರೆ ಸಾಕು, ನಮ್ಮ ಮಿದುಳು ಅಲ್ಲೊಂದು ಮುಖ ಕೂರಿಸಿಬಿಡ್ತದೆ. ಮೋಡದಲ್ಲಿ, ದೋಸೆಯಲ್ಲಿ, ಪ್ಲಗ್ ಪಾಯಿಂಟಿನಲ್ಲಿ ಕಂಡರೆ ನಗ್ತೀರಿ. ಅದೇ ಮುಖ ಕತ್ತಲ ಫೋಟೋದಲ್ಲಿ ಕಂಡರೆ ಹತ್ತು ಗ್ರೂಪಿಗೆ ಕಳಿಸ್ತೀರಿ.

ಹಾಗಾಗಿ ಒಂದೇ ಒಂದು ಕೋರಿಕೆ. ಮುಂದಿನ ಸಲ ಅಂಥ ಫೋಟೋ ಬಂದರೆ ಕೆಂಪು ವೃತ್ತವನ್ನೂ ಕೆಳಗಿನ ಬರಹವನ್ನೂ ಅಳಿಸಿ, ಏನೂ ಹೇಳದೆ ಮನೆಯಲ್ಲಿ ಒಬ್ಬರಿಗೆ ತೋರಿಸಿ. "ಯಾರದು ಮೂಲೆಯಲ್ಲಿ?" ಅಂತ ಅವರಾಗಿಯೇ ಕೇಳಿದರೆ ಧಾರಾಳವಾಗಿ ಫಾರ್ವರ್ಡ್ ಮಾಡಿ. "ರಸ್ತೆ ಚೆನ್ನಾಗುಂಟಲ್ಲ, ಯಾವ ಊರು?" ಅಂದರೆ ದಯವಿಟ್ಟು ಡಿಲೀಟ್ ಮಾಡಿ, ಲೈಟು ಆರಿಸಿ ಮಲಗಿ.