ಬಿ-ಸೈಡ್ ಸಾವ್ಕಾರ್ರು

ಎಲ್ಲರೂ ಮೆಚ್ಚಿದ ಹಾಡನ್ನು ಇವರು ಮೆಚ್ಚುವುದಿಲ್ಲ. ಇವರು ಮೆಚ್ಚಿದ ಹಾಡನ್ನು ಮತ್ತೊಬ್ಬರು ಕೇಳಿರುವುದಿಲ್ಲ. ಇಂಥವರು ಧಾರವಾಡದಲ್ಲಿದ್ದರೆ ಭೀಮಸೇನ ಜೋಶಿಯವರ ರೆಕಾರ್ಡೇ ಆಗದ ಒಂದು ಬೆಳಗಿನ ತೋಡಿಯ ಬಗ್ಗೆ ಮಾತಾಡುತ್ತಾರೆ, ಬೆಂಗಳೂರಿನಲ್ಲಿದ್ದರೆ ರಾಜ್‌ಕುಮಾರ್ ಸಿನಿಮಾದಲ್ಲಿ ಕತ್ತರಿಗೆ ಸಿಕ್ಕಿತೆನ್ನುವ ಯಾವುದೋ ಚರಣದ ಬಗ್ಗೆ. ಸಿಂಧನೂರಿನ ಪಾಲಿಗೆ ಬಂದವರದು ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿ. ಭತ್ತದ ಕಾಂಡಕೊರಕಕ್ಕೆ ಎಣ್ಣಿ ಕೇಳಲು ಬಂದ ರೈತನಿಗೆ ಡಬ್ಬಿ ಕೊಟ್ಟು, ಚಿಲ್ಲರೆ ಎಣಿಸುತ್ತಲೇ ರಾಕ್ ಸಂಗೀತದ ಚರಿತ್ರೆ ತೆಗೆಯುತ್ತಾರೆ. ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದವರು ಪದವಿಯ ಜೊತೆಗೆ ಈ ಹುಚ್ಚನ್ನೂ ತಂದರು. ಪದವಿ ಗೋಡೆಗೆ ಏರಿದೆ, ಹುಚ್ಚು ತಲೆಯಿಂದ ಇಳಿದಿಲ್ಲ.

ಬಿ-ಸೈಡ್ ಸಾವ್ಕಾರ್ರು ಎಂಬುದು ಊರಿನ ಹುಡುಗರು ಇಟ್ಟ ಹೆಸರು. ಸಣ್ಣ ರೆಕಾರ್ಡುಗಳ ಕಾಲದಲ್ಲಿ ಒಂದು ಮಗ್ಗುಲಿಗೆ ಓಡುವ ಹಾಡು, ಹಿಂಬದಿಗೆ ಜಾಗ ತುಂಬಲೊಂದು ಹಾಡು ಇರುತ್ತಿತ್ತು. ಸಾವ್ಕಾರ್ರ ನಿಷ್ಠೆ ಸದಾ ಹಿಂಬದಿಗೆ. ಡೀಪ್ ಪರ್ಪಲ್ ಎಂದ ಕೂಡಲೇ ಜಗತ್ತು 'ಸ್ಮೋಕ್ ಆನ್ ದ ವಾಟರ್' ಅನ್ನುತ್ತದೆ. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಕ್ಯಾಸಿನೊ ಹೊತ್ತಿ ಉರಿದದ್ದನ್ನು ಕಂಡು ಕಟ್ಟಿದ ಹಾಡು ಅದು. ಹೊಸ ಗಿಟಾರ್ ಕೊಂಡ ಹುಡುಗ ಅಂಗಡಿಯಲ್ಲೇ ಬಾರಿಸಿ ನೋಡುವ ಹಾಡು. ಸಾವ್ಕಾರ್ರು ಕೈ ಅಡ್ಡ ಹಿಡಿಯುತ್ತಾರೆ. "ಅದು ಬಿಡ್ರಿ, ಅದು ಎಲ್ಲಾರಿಗೂ ಗೊತ್ತು. ಅದೇ ಊರಾಗ, ಅದೇ ದಿನಗಳಾಗ 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಅಂತ ಒಂದು ಹಾಡಿದ್ರು. ಗಿಟಾರಿನವ, ಆ ರಿಚಿ ಬ್ಲ್ಯಾಕ್‌ಮೋರ್, ಅವಂಗ ಹಿಡಿಸಲಿಲ್ಲ. 'ಮಷೀನ್ ಹೆಡ್' ಆಲ್ಬಮ್ಮಿನಿಂದ ಹೊರಗಿಟ್ರು. ಕೇಳೀರೇನು?" ಇದು ನಿಜವೇ. ಆ ಹಾಡು 1972ರಲ್ಲಿ ಇನ್ನೊಂದು ಹಾಡಿನ ಬೆನ್ನಿಗೆ ಬಿ-ಸೈಡಾಗಿ ಬಂತು. ಕೇಳಿದರೆ ಚೆನ್ನಾಗಿಯೂ ಇದೆ. ತೊಂದರೆ ಇರುವುದೇ ಅಲ್ಲಿ. ಸಾವ್ಕಾರ್ರು ಸುಳ್ಳು ಹೇಳುವವರಾಗಿದ್ದರೆ ಎದ್ದು ಬರಬಹುದಿತ್ತು.

ಸುಳ್ಳು ಹೇಳುವುದಿಲ್ಲ, ಮಳೆಯ ವಿಷಯವೊಂದನ್ನು ಬಿಟ್ಟು. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಅಂದು ಮಳೆ ಬಂದಿತ್ತು. ಸಾವ್ಕಾರ್ರ ಬಾಯಲ್ಲಿ ಆ ಮಳೆ ಇನ್ನೂ ನಿಂತಿಲ್ಲ. ಹಿಂದೆಲ್ಲ ಅಂಗಿ ತೊಯ್ಯುವಷ್ಟಿತ್ತು. ಆಮೇಲೆ ಚಪ್ಪಲಿ ಕೆಸರಿನಲ್ಲಿ ಹೂತವು. ಕಳೆದ ದೀಪಾವಳಿಯ ಹೊತ್ತಿಗೆ ಮೊಣಕಾಲುದ್ದ ನೀರು. ಇದೇ ವೇಗದಲ್ಲಿ ಹೋದರೆ ಇನ್ನೆರಡು ವರ್ಷಕ್ಕೆ ತಂಡದ ಗಾಯಕ ಮಿಕ್ ಜಾಗರ್ ತೆಪ್ಪದಲ್ಲಿ ಬರುತ್ತಾನೆ. ಸ್ಟೋನ್ಸ್ ಬರುವ ಹಿಂದಿನ ವರ್ಷ ಅದೇ ಮೈದಾನದಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, 2005ರ ಮಾರ್ಚಿನಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್. ಎಲ್ಲದಕ್ಕೂ ಇವರು ಹಾಜರು. ಟಿಕೆಟ್ಟಿನ ತುಣುಕುಗಳು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಉದ್ರಿ ಚೀಟಿಗಳ ಜೊತೆಗೇ ಇವೆ. ಎರಡರಿಂದಲೂ ಇನ್ನು ದುಡ್ಡು ಹುಟ್ಟುವುದಿಲ್ಲ ಎನ್ನುವುದು ಅವರ ಶ್ರೀಮತಿಯವರ ಅಭಿಪ್ರಾಯ.

ಆದರೆ ಸಾವ್ಕಾರ್ರ ಅಸಲು ಕಾಟ ಅನುಭವಿಸಬೇಕಾದರೆ ಲಿಂಗಸುಗೂರಿನಿಂದ ಸಿಂಧನೂರಿಗೆ ಅವರ ಕಾರಿನಲ್ಲಿ ಬರಬೇಕು. ಲಿಂಗಸುಗೂರಿನಲ್ಲೊಂದು ಮದುವೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ ಈ ಲೇಖಕ ಪುಕ್ಕಟೆ ಸವಾರಿಯ ಆಸೆಗೆ ಹತ್ತಿ ಕೂತದ್ದಾಯಿತು. ಹಿಂದಿನ ಸೀಟಿನಲ್ಲಿ ಶ್ರೀಮತಿಯವರು ಆಗಲೇ ಕಣ್ಣು ಮುಚ್ಚಿದ್ದರು. ಊರು ದಾಟುವ ಮೊದಲೇ ಡೈರ್ ಸ್ಟ್ರೇಟ್ಸ್ ತಂಡದ 'ಟೆಲಿಗ್ರಾಫ್ ರೋಡ್' ಶುರು. 1982ರ 'ಲವ್ ಓವರ್ ಗೋಲ್ಡ್' ಆಲ್ಬಮ್ಮಿನದು, 14 ನಿಮಿಷ ಮೀರಿದ ಹಾಡು. ಅದನ್ನು ಕೇಳಲು ಬಿಟ್ಟಿದ್ದರೆ ಯಾವ ತಕರಾರೂ ಇರಲಿಲ್ಲ. "ಈಗ ಪಿಯಾನೊ ಬರ್ತೈತಿ ನೋಡ್ರಿ" ಎನ್ನುತ್ತಾರೆ. ಆ ಮಾತಿನ ಅಡಿಯಲ್ಲೇ ಪಿಯಾನೊ ಬಂದು ಹೋಗಿರುತ್ತದೆ. "ಕೇಳಿದ್ರಿಲ್ಲೋ?" ಎಂದು ಹಿಂದಕ್ಕೆ ಸರಿಸಿ ಮತ್ತೆ ಹಾಕುತ್ತಾರೆ, ಮತ್ತೆ ಅದೇ ಜಾಗದಲ್ಲಿ ಮಾತಾಡುತ್ತಾರೆ. ಗಿಟಾರ್ ಏರುವಲ್ಲಿ ಎರಡೂ ಕೈ ಸ್ಟೀರಿಂಗ್ ಬಿಟ್ಟು ಗಾಳಿಯಲ್ಲಿ ತಂತಿ ಮೀಟುತ್ತವೆ. ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ರಸ್ತೆಯಷ್ಟೇ ಅಗಲವಾಗಿ ಬರುತ್ತಿದೆ. ಶ್ರೀಮತಿಯವರು ಕಣ್ಣು ತೆರೆಯದೆ "ಕೈ" ಅನ್ನುತ್ತಾರೆ. ಕೈ ಸ್ಟೀರಿಂಗಿಗೆ ಮರಳುತ್ತದೆ. ಆ ಹಾಡಿನಲ್ಲಿ ಯಾವ ಸ್ವರಕ್ಕೆ ಯಾವ ಅಪಾಯ ಎಂಬುದು ಅದನ್ನು ಬರೆದ ಮಾರ್ಕ್ ನಾಫ್ಲರ್‌ಗಿಂತ ಆ ತಾಯಿಗೇ ಚೆನ್ನಾಗಿ ಗೊತ್ತು.

ಮಸ್ಕಿಯಲ್ಲಿ ಚಹಾಕ್ಕೆ ನಿಂತರೆ ಅಲ್ಲಿಯೂ ಬಿಡುವಿಲ್ಲ. ಸಾವ್ಕಾರ್ರು ಗುಡ್ಡದ ಕಡೆ ಬೆರಳು ಮಾಡುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಬಂದು ಅಲ್ಲಿ ಶಾಸನ ಕಂಡ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ; ಅಶೋಕ ಎಂಬ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. "ದೊಡ್ಡ ದೊಡ್ಡ ಶಾಸನ ಎಲ್ಲೆಲ್ಲೋ ಹಾಕಿಸ್ಯಾನ್ರಿ. ಗಿರ್ನಾರ ಅಂತೀರಿ, ಧೌಲಿ ಅಂತೀರಿ. ಹೆಸರು ಎಲ್ಲಿ ಸಿಕ್ತು? ನಮ್ಮ ಮಸ್ಕಿಯ ಸಣ್ಣ ಶಾಸನದಾಗ. ಅಂದಮ್ಯಾಲೆ ಬಿ-ಸೈಡ್ ಹೌದಿಲ್ಲೋ?" ಇತಿಹಾಸದ ಪಂಡಿತರು ಲಘು ಶಿಲಾಶಾಸನ ಎಂದು ಕರೆಯುವುದನ್ನು ಹೀಗೆ ವಿಂಗಡಿಸಿದವರು ಬಹುಶಃ ಇವರೊಬ್ಬರೇ. ಚಹಾದ ದುಡ್ಡು ಅವರೇ ಕೊಟ್ಟಿದ್ದರಿಂದ ವಾದ ಮುಂದುವರಿಯಲಿಲ್ಲ.

ಮಸ್ಕಿ ದಾಟಿದ ಮೇಲೆ ಮತ್ತೆ ಅದೇ ಹಾಡು, ಮೊದಲಿಂದ. ಈ ಸಲ ಸಾವ್ಕಾರ್ರು ಕತೆ ಹೇಳಿದರು. ಅಮೆರಿಕದ ಮಿಷಿಗನ್‌ನಲ್ಲಿ ಆ ಹೆಸರಿನ ರಸ್ತೆ ನಿಜವಾಗಿಯೂ ಇದೆ. ನಾಫ್ಲರ್ ಅದರ ಮೇಲೆ ಸಾಗುವಾಗ ನಾರ್ವೆಯ ಕ್ನೂಟ್ ಹಾಮ್ಸುನ್‌ನ 'ಗ್ರೋತ್ ಆಫ್ ದ ಸಾಯಿಲ್' ಕಾದಂಬರಿ ಓದುತ್ತಿದ್ದನಂತೆ. ಹಾಡಿನಲ್ಲಿ ಒಬ್ಬ ಮನುಷ್ಯ ಮೂಟೆ ಹೊತ್ತು ಬಂದು ಬಯಲಲ್ಲಿ ನೆಲೆ ಹೂಡುತ್ತಾನೆ. ಅವನ ಹಿಂದೆ ಮತ್ತಷ್ಟು ಜನ. ಶಾಲೆ, ಪ್ರಾರ್ಥನಾ ಮಂದಿರ, ವಕೀಲರು, ಕಾನೂನು. ಆಮೇಲೆ ಲಾರಿಗಳ ಸಾಲು, ಆಮೇಲೆ ಕೆಲಸವಿಲ್ಲದ ದಿನಗಳು. "ಇದು ಯಾವ ಊರು ಹೇಳ್ರಿ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಕಿಟಕಿಯಾಚೆ ತೋರಿಸಿದರು. ಹೊರಗೆ ಸಾಲಾಗಿ ಕ್ಯಾಂಪುಗಳ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳ, ಬೋರ್ಡುಗಳು. ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ಜೋಳದ ಕರಿಭೂಮಿಯನ್ನು ಭತ್ತದ ಗದ್ದೆ ಮಾಡಿದ್ದು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಾದದ್ದು, ರೈಸ್‌ಮಿಲ್ಲುಗಳು ಎದ್ದದ್ದು, ಈಗ ಕಾಲುವೆಯ ಕೊನೆಭಾಗದವರು ನೀರಿಗಾಗಿ ರಸ್ತೆಗೆ ಇಳಿಯುವುದು, ಎಲ್ಲವೂ ಆ 14 ನಿಮಿಷದಲ್ಲಿ ಇದೆ ಎನ್ನುವುದು ಅವರ ವಾದ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಸುದ್ದಿ ಬಂದಾಗ ಸಿಂಧನೂರಿಗೆ ಸಿಂಧನೂರೇ ನಿದ್ದೆಗೆಟ್ಟಿತ್ತು. ಸಾವ್ಕಾರ್ರು ಅಂಗಡಿಯಲ್ಲಿ ಒಬ್ಬರೇ ಕೂತು ಈ ಹಾಡಿನ ಕೊನೆಯ ಭಾಗವನ್ನು ಕೇಳಿದರಂತೆ. ಇದನ್ನು ಹೇಳುವಾಗ ಅವರ ಕೈ ಸ್ಟೀರಿಂಗ್ ಮೇಲೇ ಇತ್ತು. ಶ್ರೀಮತಿಯವರು ಕಣ್ಣು ತೆರೆದಿದ್ದರು.

ಹಿಂಬದಿಯ ಹಾಡನ್ನೇ ಮೆಚ್ಚುವ ಈ ಗುಣ ರಕ್ತದಲ್ಲೇ ಬಂದದ್ದು. ಅವರ ತಂದೆಯವರಿಗೆ ಕಂಪನಿ ನಾಟಕದ ಹುಚ್ಚು. ಏಣಗಿ ಬಾಳಪ್ಪನವರು ಬಸವಣ್ಣನಾಗಿ ಬರುತ್ತಿದ್ದ 'ಜಗಜ್ಯೋತಿ ಬಸವೇಶ್ವರ'ವನ್ನು ಕಣ್ಣಾರೆ ಕಂಡವರು. ವನ್ಸ್‌ಮೋರ್ ಬಿದ್ದ ಹಾಡುಗಳನ್ನು ಬಿಟ್ಟು ಜನ ಬೀಡಿ ಸೇದಲು ಎದ್ದುಹೋದಾಗಿನ ಹಾಡನ್ನೇ ಹೊಗಳುತ್ತಿದ್ದರಂತೆ. ಮಗನ ಗಿಟಾರ್ ಅವರಿಗೆ ಕಿವಿಗಡಚಿಕ್ಕುವ ಸದ್ದು, ಅವರ ಹಾರ್ಮೋನಿಯಂ ಮಗನಿಗೆ ಬೇಸರ. ಈಗ ತಂದೆ ಇಲ್ಲ. ಅವರು ಹೊಗಳುತ್ತಿದ್ದ ಆ ಹಾಡು ಯಾವುದೆಂದು ಸಾವ್ಕಾರ್ರಿಗೆ ನೆನಪಿಲ್ಲ. ಕೇಳಿದರೆ ಮಾತು ಬದಲಿಸುತ್ತಾರೆ. ಅವರು ಮಾತು ಬದಲಿಸುವುದು ಇದೊಂದಕ್ಕೇ.

2021ರ ಆಗಸ್ಟ್‌ನಲ್ಲಿ ಸ್ಟೋನ್ಸ್ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡಾಗ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಯೂರಿಯಾಕ್ಕೆ ಬಂದ ರೈತ ಬಗ್ಗಿ ಒಳಗೆ ನೋಡಿ ಯಾರು ಹೋದರೆಂದು ಕೇಳಿದ. "ಚಾರ್ಲಿ" ಎಂದರು ಸಾವ್ಕಾರ್ರು. ರೈತ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, "ಛೇ. ಯಾವ ಕ್ಯಾಂಪಿನವರ್ರಿ?" ಎಂದ. ಆ ದಿನ ಯೂರಿಯಾ ಉದ್ರಿಯಲ್ಲಿ ಹೋಯಿತು.

ಹಾಗೆಂದು ಸಾವ್ಕಾರ್ರಿಗೆ ಜೊತೆಗಾರರು ಬೇಕೆಂದು ತಿಳಿದರೆ ತಪ್ಪು. ಅಕ್ಕನ ಮಗನೊಬ್ಬ, ಜಾತ್ರೆಗಳಲ್ಲಿ ಡಿಜೆ ಹಚ್ಚುವ ಹುಡುಗ, ಬ್ಲೈಂಡ್ ಮ್ಯಾನ್ ಹಾಡನ್ನು ಮನಸಾರೆ ಮೆಚ್ಚಿ ಫೋನಿನ ರಿಂಗ್‌ಟೋನ್ ಮಾಡಿಕೊಂಡ. ಮರುವಾರದಿಂದ ಸಾವ್ಕಾರ್ರು ಆ ಹಾಡಿನ ಹೆಸರೆತ್ತಲಿಲ್ಲ. "ಅದು ಈಗ ಎಲ್ಲಾರಿಗೂ ಗೊತ್ತಾಗೇತ್ರಿ" ಎಂದು ಲೆಡ್ ಜೆಪ್ಲಿನ್‌ಗೆ ಹೋದರು. ಜಿಮ್ಮಿ ಪೇಜ್, ರಾಬರ್ಟ್ ಪ್ಲ್ಯಾಂಟ್ 1972ರಲ್ಲಿ ಬಾಂಬೆಗೆ ಬಂದು ಅಲ್ಲಿಯ ವಾದ್ಯಗಾರರ ಜೊತೆ ರೆಕಾರ್ಡ್ ಮಾಡಿ, 2015ರವರೆಗೆ ಅಧಿಕೃತವಾಗಿ ಹೊರಬಿಡದೇ ಇಟ್ಟಿದ್ದ 'ಫ್ರೆಂಡ್ಸ್' ಈಗಿನ ಆರಾಧ್ಯದೈವ. ಮಾವನ ಮನಸ್ಸು ನೋಯಿಸಿದ್ದು ಯಾವುದೆಂದು ಆ ಹುಡುಗನಿಗೆ ಇನ್ನೂ ತಿಳಿದಿಲ್ಲ.

ಲಿಂಗಸುಗೂರಿನಿಂದ ಸಿಂಧನೂರಿಗೆ ಸರ್ಕಾರಿ ಬಸ್ಸುಗಳು ಬೇಕಾದಷ್ಟಿವೆ. ಆದರೂ ಸಾವ್ಕಾರ್ರು ಕಾರು ನಿಲ್ಲಿಸಿ ಕರೆದರೆ ಓದುಗರು ಒಮ್ಮೆ ಹತ್ತಿ ನೋಡಬೇಕು. 'ಟೆಲಿಗ್ರಾಫ್ ರೋಡ್' ಇಷ್ಟವಾದರೆ ಮಾತ್ರ ದಯವಿಟ್ಟು ಅವರಿಗೆ ಹೇಳಬೇಡಿ.